ಮರಿ ಹೊರಬಂದು ಎಷ್ಟು ಗಂಟೆಯಾಯಿತು?

ಈ ಬಾರಿ ಆಯ್ದುಕೊಂಡ ಪ್ರಶ್ನೆಗಳೆಲ್ಲ ಆಗಷ್ಟೇ ಮೊಟ್ಟೆಯೊಡೆದು ಬಂದ ಕೋಳಿಮರಿಗಳವು. ಬರೆದವರಲ್ಲಿ ಹೆಚ್ಚಿನವರು ಮರಿಯ ಬಣ್ಣ, ತಳಿ, ತಾಯಿ ಹೇಂಟೆಯ ಸ್ವಭಾವ ಎಲ್ಲವನ್ನೂ ವಿವರಿಸಿ, ನಮಗೆ ಮೊದಲು ಬೇಕಾದ ಒಂದು ಮಾತನ್ನೇ ಬಿಟ್ಟಿದ್ದಾರೆ: ಮರಿ ಹೊರಬಂದು ಎಷ್ಟು ಹೊತ್ತಾಯಿತು? 6 ಗಂಟೆಯ ಮರಿ ನಿಲ್ಲಲಾರದೆ ಮುಗ್ಗರಿಸಿದರೆ ಅದು ಸಹಜ. ಎರಡನೇ ದಿನವೂ ಹಾಗೇ ಇದ್ದರೆ ಕಾಲು ನೋಡಬೇಕು. ನಾಲ್ಕನೇ ವಾರದಲ್ಲಿ ಮುಗ್ಗರಿಸತೊಡಗಿದರೆ ಕಾರಣವೇ ಬೇರೆ. ಮೊಟ್ಟೆ ಒಡೆದ ಹೊತ್ತನ್ನು ಪೆಟ್ಟಿಗೆಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ಪಶುವೈದ್ಯರ ಬಳಿ ಹೋದಾಗಲೂ ಅವರು ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ಇನ್‌ಕ್ಯುಬೇಟರಿನಲ್ಲಿ ಮರಿ ಹೊರಬಂದು 14 ಗಂಟೆಯಾಗಿದೆ. ಏನೂ ತಿಂದಿಲ್ಲ, ನೀರೂ ಕುಡಿದಿಲ್ಲ, ಬರೀ ನಿದ್ದೆ. ಸಿರಿಂಜಿನಲ್ಲಿ ಸಕ್ಕರೆ ನೀರು ಕುಡಿಸಲೇ?

ಉತ್ತರ: ಬೇಡ. ಹೊರಬರುವ ಮುಂಚಿನ ಒಂದೆರಡು ದಿನಗಳಲ್ಲಿ ಮರಿಯು ಮೊಟ್ಟೆಯಲ್ಲಿ ಉಳಿದ ಹಳದಿ ಭಂಡಾರವನ್ನು ಹೊಕ್ಕುಳಿನ ದಾರಿಯಲ್ಲಿ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಅದು ಕಟ್ಟಿಕೊಂಡು ಬಂದ ಬುತ್ತಿ. ಅದರ ಬಲದಲ್ಲೇ 48ರಿಂದ 72 ಗಂಟೆ ತಡೆಯಬಲ್ಲದು. ಹ್ಯಾಚರಿಗಳು ಒಂದು ದಿನದ ಮರಿಗಳನ್ನು ದೂರದೂರಿಗೆ ಕಳಿಸಲು ಆಗುವುದೂ ಇದರಿಂದಲೇ. ಹಾಗೆಂದು ಸುಮ್ಮನೆ ಕಾಯಿಸಬೇಡಿ. ತುಪ್ಪುಳ ಪೂರ್ತಿ ಒಣಗಿ, ಎದ್ದು ಓಡಾಡತೊಡಗಿದ ಕೂಡಲೇ ನೀರು ಮತ್ತು ಸ್ಟಾರ್ಟರ್ ಆಹಾರ (ಎಳೆ ಮರಿಗಳಿಗೆಂದೇ ಮಾಡಿದ ಮೇವು) ಎದುರಿಗಿರಲಿ.

ಚಿಪ್ಪು ಒಡೆಯುವ ಕೆಲಸ ಮರಿಗೆ ದೊಡ್ಡ ದುಡಿಮೆ. ಕೊಕ್ಕಿನಿಂದ ಮೊದಲ ತೂತು ಮಾಡಿ, ಸುತ್ತ ಸೀಳಿ ಹೊರಬರಲು 24 ಗಂಟೆಯವರೆಗೂ ಹಿಡಿಯುವುದುಂಟು. ಆಮೇಲೆ ಸತ್ತಂತೆ ಚಾಚಿಕೊಂಡು ಮಲಗುವುದು ಆ ಆಯಾಸಕ್ಕೆ.

ನಿಜಕ್ಕೂ ಸೋತ ಮರಿಯನ್ನು ಗುರುತಿಸಲು ಅದರ ಪಾದವನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಮರಿಯೇ ತಣ್ಣಗಾಗಿದೆ. ಆಗ ಮೊದಲು ಕಾವು, ಮೈ ಬೆಚ್ಚಗಾದ ಮೇಲೆ ನೀರು, ನೀರು ಕುಡಿದ ಮೇಲೆ ಮೇವು. ಈ ಸರದಿ ತಪ್ಪಿಸಬೇಡಿ. ತಣ್ಣಗಿರುವ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ, ತುರುಕಿದ್ದೆಲ್ಲ ಅಲ್ಲೇ ಕೊಳೆಯುತ್ತದೆ. ನೀರನ್ನು ಬಾಯೊಳಕ್ಕೆ ಚಿಮ್ಮಿಸುವುದಂತೂ ಬೇಡವೇ ಬೇಡ. ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುವುದರಿಂದ ನೀರು ನೆಟ್ಟಗೆ ಪುಪ್ಪುಸಕ್ಕೆ ಇಳಿಯಬಹುದು. ಕೊಕ್ಕಿನ ಪಕ್ಕಕ್ಕೆ ಒಂದು ಹನಿ ತಾಗಿಸಿ, ತಾನಾಗಿ ನುಂಗುವುದನ್ನು ನೋಡಿ ಇನ್ನೊಂದು ಹನಿ ಕೊಡಿ. ಸೋತ ಮರಿಗೆ ಒಂದು ಲೋಟ (200 ಮಿ.ಲೀ.) ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಸಕ್ಕರೆ ಸಾಕು, ಅದೂ ಅರ್ಧ ದಿನ ಮಾತ್ರ. ಆಮೇಲೆ ಬರೀ ನೀರು.

ಪ್ರಶ್ನೆ: ಎರಡು ದಿನದ ಮರಿ. ಎರಡೂ ಕಾಲು ಪಕ್ಕಕ್ಕೆ ಜಾರಿ ಕಪ್ಪೆಯಂತೆ ಹೊಟ್ಟೆಯ ಮೇಲೆ ಮಲಗಿರುತ್ತದೆ. ಏಳಲು ನೋಡಿದಷ್ಟೂ ಕಾಲು ಇನ್ನಷ್ಟು ಅಗಲವಾಗುತ್ತದೆ. ಇದು ಮಾರೆಕ್ಸ್ ರೋಗವೇ? ಸರಿಹೋಗುತ್ತದೆಯೇ?

ಉತ್ತರ: ಮಾರೆಕ್ಸ್ ಅಲ್ಲ. ವೈರಸ್ಸಿನಿಂದ ಬರುವ ಆ ರೋಗದ ಲಕ್ಷಣ ಕಾಣಿಸಿಕೊಳ್ಳಲು ವಾರಗಳೇ ಬೇಕು, ಎರಡನೇ ದಿನಕ್ಕೆ ಕಾಲು ಬೀಳಿಸುವ ಕಾಯಿಲೆಯಲ್ಲ ಅದು. ನಿಮ್ಮ ಮರಿಯದು ಕಾಲು ಸೀಳುವಿಕೆ. ಬೇಗ ಹಿಡಿದರೆ ಬಹುಪಾಲು ಮರಿಗಳು ಸರಿಹೋಗುತ್ತವೆ.

ಹೆಚ್ಚಿನ ಸಲ ಕಾರಣ ನೆಲ. ಪೆಟ್ಟಿಗೆಗೆ ಹಾಸಿದ ನ್ಯೂಸ್‌ಪೇಪರ್, ಪ್ಲಾಸ್ಟಿಕ್ ಡಬ್ಬಿಯ ನುಣುಪು ತಳ, ಇನ್‌ಕ್ಯುಬೇಟರಿನ ಜಾರುವ ತಟ್ಟೆ ಇವೇ ಅಪರಾಧಿಗಳು. ಮೊದಲ ದಿನಗಳಲ್ಲಿ ತೊಡೆಯ ಒಳಭಾಗದ ಸ್ನಾಯುಗಳಿಗೆ ಕಾಲನ್ನು ಮೈಯಡಿಗೆ ಎಳೆದುಕೊಳ್ಳುವಷ್ಟು ಕಸುವು ಇರುವುದಿಲ್ಲ. ಹಿಡಿತ ಸಿಗದೆ ಜಾರಿ ಜಾರಿ ಕೀಲು ಹಾಗೆಯೇ ಕೂರುತ್ತದೆ. ಕಾವಿನ ಸಮಯದಲ್ಲಿ ಉಷ್ಣತೆ, ತೇವ ಏರುಪೇರಾಗಿದ್ದರೂ ಹೀಗೆ ಬರುವುದುಂಟು.

ಕಟ್ಟುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಾಲಿನ ನಡುವೆ ಹಿಂದಕ್ಕೆ ಮಡಚುವ ಕೀಲನ್ನು (ಹಾಕ್ ಕೀಲು) ಎರಡೂ ಕಡೆ ಮುಟ್ಟಿ ಹೋಲಿಸಿ. ಒಂದು ಕಡೆ ಊದಿದ್ದು, ಕೀಲಿನ ಹಿಂಬದಿ ಚಪ್ಪಟೆಯಾಗಿ, ದಾರದಂಥ ಗಟ್ಟಿ ಎಳೆ ಪಕ್ಕಕ್ಕೆ ಸರಿದಂತೆ ಬೆರಳಿಗೆ ಸಿಕ್ಕರೆ ಅದು ಸ್ನಾಯುರಜ್ಜು ಜಾರಿದ್ದು. ಆ ಕಾಲಿಗೆ ಕಟ್ಟು ಹಾಕಿ ಪ್ರಯೋಜನವಿಲ್ಲ, ರಜ್ಜನ್ನು ಅದರ ಜಾಡಿಗೆ ಮತ್ತೆ ಕೂರಿಸಬೇಕು. ಒಂದೆರಡು ದಿನದೊಳಗೆ ಪಶುವೈದ್ಯರಿಗೆ ತೋರಿಸಿ, ತಡವಾದಷ್ಟೂ ಕೂರುವುದು ಕಷ್ಟ. ಮೇವಿನಲ್ಲಿ ಮ್ಯಾಂಗನೀಸ್, ಕೋಲಿನ್ ಕಡಿಮೆಯಾದಾಗ ಇದು ಬರುತ್ತದೆ. ಸಾಮಾನ್ಯವಾಗಿ ಒಂದೇ ಕಾಲಿಗೆ, ಕಾಲು ತಿರುಚಿಕೊಂಡಂತೆ ಕಾಣುತ್ತದೆ. ನೀವು ಬರೆದಂತೆ ಎರಡೂ ಕಾಲು ಸಮನಾಗಿ ಪಕ್ಕಕ್ಕೆ ಹೋಗಿದ್ದರೆ ಸೀಳುವಿಕೆಯೇ.

ಕಟ್ಟಲು ಬಟ್ಟೆಯ ಬ್ಯಾಂಡ್-ಏಡ್ ಒಳ್ಳೆಯದು. ಉದ್ದಕ್ಕೆ ಸೀಳಿ 5–6 ಮಿ.ಮೀ. ಅಗಲದ ಪಟ್ಟಿ ಮಾಡಿಕೊಳ್ಳಿ. ನಡುವಿನ ಹತ್ತಿಯ ಮೆತ್ತೆ ಎರಡು ಕಾಲುಗಳ ನಡುವೆ ಬರಲಿ, ತುದಿಗಳು ಹಾಕ್ ಕೀಲಿಗೂ ಪಾದಕ್ಕೂ ನಡುವಿನ ಕಾಲಿಗೆ ಒಂದೊಂದು ಸುತ್ತು ಬಂದು ತಮ್ಮ ಮೇಲೇ ಅಂಟಿಕೊಳ್ಳಲಿ. ಕಾಲುಗಳ ನಡುವೆ ಸುಮಾರು 2ರಿಂದ 2.5 ಸೆಂ.ಮೀ. ಅಂತರವಿರಬೇಕು, ಅಂದರೆ ಆರೋಗ್ಯವಂತ ಮರಿ ನಿಂತಾಗ ಇರುವಷ್ಟೇ. ಮೊದಲ ದಿನ ಕಾಲು ತೀರಾ ಅಗಲವಾಗಿದ್ದರೆ ಒಂದೇ ಸಲಕ್ಕೆ ಅಷ್ಟು ಎಳೆಯಬೇಡಿ. ಸ್ವಲ್ಪ ಸಡಿಲವಾಗಿ ಕಟ್ಟಿ, ಮರುದಿನ ಇನ್ನಷ್ಟು ಹತ್ತಿರ ತನ್ನಿ. ನೂಲು, ರಬ್ಬರ್ ಬ್ಯಾಂಡ್ ಬೇಡ, ಚರ್ಮ ಕೊಯ್ದು ಪಾದ ಕಪ್ಪಾದ ಮರಿಗಳೂ ಇವೆ. ಕಟ್ಟಿದ ಅರ್ಧ ಗಂಟೆಗೆ ಬೆರಳುಗಳನ್ನು ನೋಡಿ. ಊದಿದ್ದರೆ, ಬಣ್ಣ ಬದಲಾಗಿದ್ದರೆ ಬಿಚ್ಚಿ ಸಡಿಲ ಮಾಡಿ.

ಕಟ್ಟಿದ ಕೂಡಲೇ ಮರಿ ಮೂಗು ಮುಗ್ಗರಿಸುತ್ತದೆ, ಗಾಬರಿ ಬೇಡ. ಆದರೆ ಅಂಗಾತ ಬಿದ್ದರೆ ತಾನಾಗಿ ಏಳಲಾರದು, ಹಾಗೇ ಬಿಟ್ಟರೆ ಸತ್ತೇಹೋದೀತು. ಮೊದಲ ಕೆಲವು ಗಂಟೆ ಕಣ್ಣಿಟ್ಟಿರಿ, ಎರಡೂ ಪಕ್ಕಕ್ಕೆ ಸುತ್ತಿದ ಬಟ್ಟೆಯ ಆನಿಕೆ ಕೊಡಿ. ನೆಲಕ್ಕೆ ಒರಟು ರಬ್ಬರ್ ಮ್ಯಾಟ್ ಇಲ್ಲವೇ ಎಳೆ ಎದ್ದಿರದ ಹಳೆ ಬಟ್ಟೆ ಹಾಸಿ. ಎಳೆ ಎದ್ದ ಟವೆಲಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ನಾಲ್ಕೈದು ಸಲ ಹೊಟ್ಟೆಯಡಿ ಬೆರಳಿಟ್ಟು, ಪಾದ ನೆಲಕ್ಕೆ ಊರುವಂತೆ ಎರಡೆರಡು ನಿಮಿಷ ನಿಲ್ಲಿಸಿ. ನೀರಿನ ತಟ್ಟೆಗೆ ತೊಳೆದ ಬೆಣಚುಕಲ್ಲು ತುಂಬಿಡಿ. ಈ ಮರಿಗಳು ಅರ್ಧ ಅಂಗುಲ ನೀರಿನಲ್ಲೂ ಮುಳುಗುತ್ತವೆ.

ದಿನಕ್ಕೊಮ್ಮೆ ಬಿಚ್ಚಿ, ನಡೆಸಿ ನೋಡಿ, ಬೇಕಿದ್ದರೆ ಹೊಸ ಪಟ್ಟಿ ಕಟ್ಟಿ. 2ರಿಂದ 4 ದಿನಕ್ಕೆ ಬಹುಪಾಲು ಮರಿಗಳು ನಿಲ್ಲುತ್ತವೆ. ವಾರ ಕಳೆದ ಮೇಲೆ ಶುರುಮಾಡಿದರೆ ಫಲ ಕಡಿಮೆ, ಅಷ್ಟರಲ್ಲಿ ಎಲುಬು, ಕೀಲು ಓರೆಯಾಗಿಯೇ ಗಟ್ಟಿಯಾಗಿರುತ್ತವೆ.

ಪ್ರಶ್ನೆ: ಮರಿಯ ಪಾದದ ಬೆರಳುಗಳು ಒಳಕ್ಕೆ ಮುದುರಿ ಮುಷ್ಟಿಯಂತಾಗಿವೆ. ನಡೆಯುವುದು ಬೆರಳಿನ ಗಂಟುಗಳ ಮೇಲೆ.

ಉತ್ತರ: ಮೊದಲ ದಿನವಾದರೆ ಚಿಪ್ಪಿನೊಳಗೆ ಮಡಚಿಕೊಂಡಿದ್ದ ರೀತಿಯಿಂದ ಹಾಗಾಗಿರಬಹುದು. ದಪ್ಪ ಕಾಗದವನ್ನು ಬಿಡಿಸಿದ ಪಾದದ ಆಕಾರಕ್ಕೆ ಕತ್ತರಿಸಿ, ಬೆರಳುಗಳನ್ನು ಅದರ ಮೇಲೆ ನೇರವಾಗಿ ಹರಡಿ, ಮೇಲಿಂದ ಅಂಟುಪಟ್ಟಿ ಹಾಕಿ. ಪುಟ್ಟ ಚಪ್ಪಲಿ ಹಾಕಿದಂತೆ. ಒಂದೆರಡು ದಿನದಲ್ಲಿ ನೇರವಾಗುತ್ತವೆ. ಹಲವು ಮರಿಗಳಲ್ಲಿ ಒಟ್ಟಿಗೆ ಕಂಡರೆ, ಅಥವಾ ಚೆನ್ನಾಗಿದ್ದ ಮರಿಗೆ ಎರಡನೇ ವಾರ ಬೆರಳು ಮುದುರತೊಡಗಿದರೆ ರೈಬೋಫ್ಲೇವಿನ್ (ಬಿ2) ಕೊರತೆ ಎಂದು ತಿಳಿಯಿರಿ. ಆಗ ಚಪ್ಪಲಿಯೊಂದೇ ಸಾಲದು, ನೀರಿಗೆ ಹಾಕುವ ಕೋಳಿಗಳ ಬಿ-ಕಾಂಪ್ಲೆಕ್ಸ್ ಅನ್ನು ಲೇಬಲ್ಲಿನ ಪ್ರಮಾಣದಲ್ಲಿ ಕೊಡಿ. ಮಕ್ಕಳ ಟಾನಿಕ್ ಕೊಡುವುದಾದರೆ ಕಬ್ಬಿಣದಂಶ ಇಲ್ಲದ್ದೇ ಆಗಲಿ. ಮೊಟ್ಟೆ ಇಟ್ಟ ಹೇಂಟೆಗಳ ಮೇವನ್ನೂ ನೋಡಿ, ಕೊರತೆ ಅಲ್ಲಿಂದಲೇ ಹರಿದುಬರುವುದುಂಟು.

ಪ್ರಶ್ನೆ: ಮರಿಯ ಹೊಟ್ಟೆಯಡಿ ಒಣ ಕಪ್ಪು ದಾರ ನೇತಾಡುತ್ತಿದೆ. ಇನ್ನೊಂದು ಮರಿಗೆ ಅದೇ ಜಾಗದಲ್ಲಿ ಬಟಾಣಿಯಷ್ಟು ಹಳದಿ ಉಂಡೆ. ಕತ್ತರಿಸಬೇಕೇ?

ಉತ್ತರ: ಎರಡನ್ನೂ ಕತ್ತರಿಸಬೇಡಿ, ಎಳೆಯಬೇಡಿ. ದಾರದಂಥದ್ದು ಒಣಗಿದ ಹೊಕ್ಕುಳ ಬಳ್ಳಿ. ಕೆಲವೇ ದಿನದಲ್ಲಿ ತಾನೇ ಉದುರುತ್ತದೆ. ಎಳೆದರೆ ಅದರ ಹಿಂದೆ ಕರುಳೇ ಬರಬಹುದು. ಉಳಿದ ಮರಿಗಳು ಹುಳವೆಂದು ಕುಕ್ಕುತ್ತಿದ್ದರೆ ಮಾತ್ರ ಉದುರುವವರೆಗೆ ಬೇರೆ ಇಡಿ.

ಹಳದಿ ಉಂಡೆ ಪೂರ್ತಿ ಒಳಹೋಗದ ಭಂಡಾರ. ಮರಿ ಅವಸರಪಟ್ಟು ಬಂದಿದೆ, ಇಲ್ಲವೇ ಯಾರೋ ಚಿಪ್ಪು ಸುಲಿದು ಸಹಾಯ ಮಾಡಿದ್ದಾರೆ. ಚಿಕ್ಕ ಬಟ್ಟಲಿಗೆ ಶುಭ್ರವಾದ ಟಿಷ್ಯು ಪೇಪರನ್ನು ಬೆಚ್ಚನೆ ನೀರಿನಲ್ಲಿ ಒದ್ದೆಮಾಡಿ ಹಾಸಿ, ಮರಿಯನ್ನು ಅದರಲ್ಲಿ ಕೂರಿಸಿ, ಬಟ್ಟಲನ್ನೇ ಇನ್‌ಕ್ಯುಬೇಟರಿನಲ್ಲಿಡಿ. ಬಟ್ಟಲು ಇಕ್ಕಟ್ಟಾಗಿದ್ದರೆ ಮರಿ ಓಡಾಡದು, ಭಂಡಾರ ನೆಲಕ್ಕೆ ಉಜ್ಜದು. ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಹತ್ತಿಯಲ್ಲಿ ಮೆಲ್ಲಗೆ ತಾಗಿಸಿ. ಟಿಷ್ಯು ಒಣಗಬಾರದು, ಒಣಗಿದರೆ ಭಂಡಾರದ ಪೊರೆ ಅಂಟಿಕೊಂಡು ಹರಿಯುತ್ತದೆ. ಒಂದು ದಿನದೊಳಗೆ ಒಳಹೋಗುವುದೇ ಹೆಚ್ಚು. ಬೆರಳಿನಿಂದ ಒಳಕ್ಕೆ ಒತ್ತುವವರಿದ್ದಾರೆ. ಪೊರೆ ಒಡೆದರೆ ಮರಿ ಉಳಿಯುವುದಿಲ್ಲ.

ನೀವು ಕೇಳದ ಮೂರನೆಯದೊಂದಿದೆ, ನಿಜವಾದ ಭಯ ಅದೇ. ಹೊಕ್ಕುಳ ಸುತ್ತ ಕೆಂಪು ಅಥವಾ ನೀಲಿಗಪ್ಪು, ಒದ್ದೆ, ಹೊಟ್ಟೆ ನೀರುಚೀಲದಂತೆ ಉಬ್ಬಿ ಮೆತ್ತಗೆ, ಜೊತೆಗೆ ಕೊಳೆತ ವಾಸನೆ. ಇದು ಹೊಕ್ಕುಳ ಸೋಂಕು. ಇ-ಕೋಲಿ ಮೊದಲಾದ ಬ್ಯಾಕ್ಟೀರಿಯಾಗಳು ಮುಚ್ಚದ ಹೊಕ್ಕುಳಿನಿಂದ ಭಂಡಾರಕ್ಕೆ ಇಳಿದು ಅದನ್ನೇ ಉಂಡು ಬೆಳೆಯುತ್ತವೆ. ಮೊದಲ ವಾರದಲ್ಲೇ ಸಾವು. ಸೋಂಕು ಈ ಹಂತಕ್ಕೆ ಬಂದ ಮರಿಗೆ ಔಷಧಿ ಹೆಚ್ಚೇನೂ ಮಾಡದು. ಬೇರೆ ಇಡಿ, ಕೈ ತೊಳೆಯಿರಿ, ಪಶುವೈದ್ಯರನ್ನು ಕೇಳಿ. ಹೊಟ್ಟೆಯನ್ನು ಹಿಸುಕಬೇಡಿ.

ಮುಂದಿನ ಕಾವಿಗೆ ಮಾಡಬೇಕಾದ್ದು: ಹಿಕ್ಕೆ ಮೆತ್ತಿದ ಮೊಟ್ಟೆ ಇಡಬೇಡಿ. ತಣ್ಣೀರಿನಲ್ಲಿ ತೊಳೆದು ಇಡುವುದು ಇನ್ನೂ ಕೆಟ್ಟದ್ದು. ತಣ್ಣಗಾದಾಗ ಒಳಗಿನ ವಸ್ತು ಕುಗ್ಗಿ, ಚಿಪ್ಪಿನ ರಂಧ್ರಗಳಿಂದ ಹೊರಗಿನ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ಗಾಳಿ ಆಡಿಸುವ ಫ್ಯಾನಿರುವ ಇನ್‌ಕ್ಯುಬೇಟರಿಗೆ 37.5 ಡಿಗ್ರಿ ಸೆ., ತೇವ ಮೊದಲ 18 ದಿನ 50–55%, ಕೊನೆಯ 3 ದಿನ 65–70%. ಉಷ್ಣತೆ ಏರಿದರೆ ಮರಿ ಹೊಕ್ಕುಳು ಮುಚ್ಚುವ ಮೊದಲೇ ಬಂದುಬಿಡುತ್ತದೆ. ಪ್ರತಿ ಕಾವಿನ ನಂತರ ಚಿಪ್ಪು, ತುಪ್ಪುಳ ಎಲ್ಲ ತೆಗೆದು, ಸೋಪಿನಲ್ಲಿ ತೊಳೆದು, ಸೋಂಕುನಾಶಕ ಹಾಕಿ, ಪೂರ್ತಿ ಒಣಗಿಸಿ. ಕೊಳೆಯ ಮೇಲೆ ಸುರಿದ ಸೋಂಕುನಾಶಕ ದಂಡ.

ಪ್ರಶ್ನೆ: ಮೂರು ದಿನದ ಮರಿಯ ಹಿಂಬದಿ ಹಿಕ್ಕೆ ಮೆತ್ತಿ ಗಟ್ಟಿಯಾಗಿದೆ. ಕಿತ್ತು ತೆಗೆಯಲು ಹೋದರೆ ಕಿರುಚುತ್ತದೆ.

ಉತ್ತರ: ಕಿರುಚದೆ ಏನು ಮಾಡೀತು? ಹಿಕ್ಕೆಯ ಜೊತೆ ತುಪ್ಪುಳ, ಚರ್ಮ ಎರಡೂ ಬರುತ್ತವೆ. ಮೊದಲು ಅದು ಗುದವೇ ಹೌದೋ ನೋಡಿ. ಗುದ ಬಾಲದ ಬುಡದಲ್ಲೇ ಇದೆ, ಹೊಕ್ಕುಳು ಅದಕ್ಕಿಂತ ಕೆಳಗೆ, ಹೊಟ್ಟೆಯ ಮೇಲೆ. ಹೊಕ್ಕುಳ ಹಕ್ಕಳೆಯನ್ನು ಹಿಕ್ಕೆಯೆಂದು ಕಿತ್ತು ಮರಿ ಕಳೆದುಕೊಂಡವರು ಬಹಳ.

ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಒಂದೆರಡು ನಿಮಿಷ ಒತ್ತಿಹಿಡಿಯಿರಿ. ಮೆತ್ತಗಾದಷ್ಟನ್ನು ಒರೆಸಿ, ಮತ್ತೆ ಒತ್ತಿ. ಪೂರ್ತಿ ಹೋದ ಮೇಲೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಕಾವಿನಡಿ ತುಪ್ಪುಳ ಅರಳುವವರೆಗೆ ಇಡಿ. ಒದ್ದೆ ಮರಿಯನ್ನು ಹಾಗೇ ಬಿಟ್ಟರೆ ಹಿಕ್ಕೆಗಿಂತ ಚಳಿಯೇ ಮೊದಲು ಕೊಲ್ಲುತ್ತದೆ. ಕೊನೆಗೆ ಗುದದ ಸುತ್ತ ಚೂರು ವ್ಯಾಸಲೀನ್ ಸವರಿ. ಕೆಲವು ದಿನ ಬೆಳಿಗ್ಗೆ ಸಂಜೆ ನೋಡಿ. ಗುದ ಮುಚ್ಚಿದ ಮರಿ ಒಂದೆರಡು ದಿನದಲ್ಲಿ ಸಾಯುತ್ತದೆ.

ಕಾರಣ ಬಹುತೇಕ ಬ್ರೂಡರಿನ (ಮರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ) ಕಾವು. ಮರಿಯ ಬೆನ್ನಿನ ಎತ್ತರದಲ್ಲಿ ಅಳೆದಾಗ ಮೊದಲ ವಾರ 35 ಡಿಗ್ರಿ ಸೆ., ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಹೋಗಿ. ಆದರೂ ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬಿ. ಬಲ್ಬಿನಡಿ ಒಂದರ ಮೇಲೊಂದು ಗುಂಪುಗೂಡಿ ಚಿಲಿಪಿಲಿ ಜೋರಾದರೆ ಚಳಿ. ಅಂಚಿಗೆ ಸರಿದು ರೆಕ್ಕೆ ಅಗಲಿಸಿ ಬಾಯಿ ತೆರೆದಿದ್ದರೆ ಸೆಕೆ. ಒಂದೇ ಮೂಲೆಗೆ ಒತ್ತಿಕೊಂಡಿದ್ದರೆ ಇನ್ನೊಂದು ಕಡೆಯಿಂದ ಗಾಳಿ ಹೊಡೆಯುತ್ತಿದೆ. ಎಲ್ಲೆಡೆ ಚದುರಿ, ಕೆಲವು ತಿಂದು ಕೆಲವು ಮಲಗಿದ್ದರೆ ಸರಿಯಾಗಿದೆ. ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿರಲಿ. ತನಗೆ ಬೇಕಾದ ಜಾಗವನ್ನು ಮರಿ ಹುಡುಕಿಕೊಳ್ಳುತ್ತದೆ. ಬಲ್ಬ್ ಕೊಳ್ಳುವಾಗ ಟೆಫ್ಲಾನ್ ಲೇಪನದ್ದು ಬೇಡ, ಅದು ಕಾದಾಗ ಬರುವ ಹೊಗೆ ಹಕ್ಕಿಗಳಿಗೆ ವಿಷ. ಮೊಟ್ಟೆ ಇಡುವ ಕೋಳಿಯ ಮೇವನ್ನೂ ಹಾಕಬೇಡಿ. ಅದರಲ್ಲಿ ಸುಮಾರು 4% ಸುಣ್ಣದಂಶ, ಮರಿಗೆ ಬೇಕಾದ್ದು 1% ಅಷ್ಟೇ. ಹೆಚ್ಚಾದದ್ದು ಮೂತ್ರಪಿಂಡ ಕೆಡಿಸುತ್ತದೆ.

ಪ್ರಶ್ನೆ: ಮರಿ ಬಾಯಿ ತೆರೆದು ಏದುಸಿರು ಬಿಡುತ್ತಿದೆ. ಐದು ದಿನವಾಗಿದೆ. ಪೆಟ್ಟಿಗೆ ತಂಪಾಗಿಯೇ ಇದೆ.

ಉತ್ತರ: ಸೆಕೆಯಲ್ಲ ಎಂದಮೇಲೆ ಹಾಸು ನೋಡಿ. ನಿಮ್ಮ ಮುಖವನ್ನು ಮರಿಯ ಎತ್ತರಕ್ಕೆ ತಂದು ಮೂಸಿ. ಮೂಗಿಗೆ ಚುಚ್ಚಿದರೆ ಅಮೋನಿಯ, ಮುಗ್ಗು ವಾಸನೆಯಾದರೆ ಬೂಷ್ಟು. ಬೂಷ್ಟು ಹಿಡಿದ ಮರದ ಪುಡಿ, ಉಮಿ, ಹುಲ್ಲಿನಿಂದ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಕಣಗಳು ಪುಪ್ಪುಸಕ್ಕೆ ಹೋಗಿ ಬೇರು ಬಿಡುತ್ತವೆ. ಈ ಕಾಯಿಲೆಯಲ್ಲಿ ಏದುಸಿರು ಇದ್ದರೂ ಗೊರಗೊರ ಸದ್ದು ಸಾಮಾನ್ಯವಾಗಿ ಇರುವುದಿಲ್ಲ. ಆಂಟಿಬಯಾಟಿಕ್ ಇದಕ್ಕೆ ಏನೂ ಮಾಡದು. ಹಾಸನ್ನು ಈಗಲೇ ಪೂರ್ತಿ ಬದಲಿಸಿ, ಗಾಳಿ ಬಿಡಿ. ಉಳಿದ ಮರಿಗಳನ್ನು ಉಳಿಸುವುದು ಅದೇ. ಸದ್ದು, ಮೂಗಿನ ಸೋರಿಕೆ, ಕಣ್ಣಿನ ನೊರೆ ಇದ್ದು ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತಿದ್ದರೆ ಅಂಟುಜಾಡ್ಯ, ಪಶುವೈದ್ಯರಿಗೆ ತಿಳಿಸಿ. ನೀರು ಕುಡಿಸಿದ ಮರುಕ್ಷಣ ಶುರುವಾದದ್ದಾದರೆ ನೀರು ಉಸಿರಿಗೆ ಹೋಗಿದೆ. ಬೆಚ್ಚಗಿಟ್ಟು ಕಾಯುವುದನ್ನು ಬಿಟ್ಟು ಮನೆಯಲ್ಲಿ ಮಾಡುವಂಥದ್ದು ಇಲ್ಲ.

ಪ್ರಶ್ನೆ: ಮರಿ ಕತ್ತನ್ನು ಬೆನ್ನಿನ ಮೇಲೆ ಮಡಚಿ ಆಕಾಶ ನೋಡುತ್ತದೆ. ಹಿಂದಕ್ಕೆ ಹಿಂದಕ್ಕೆ ಬೀಳುತ್ತದೆ. ಬದುಕುತ್ತದೆಯೇ?

ಉತ್ತರ: ನೋಡಲು ಭಯಂಕರವಾದರೂ ತಿನ್ನಿಸಿ ಕುಡಿಸಿ ಉಳಿಸಿಕೊಂಡರೆ ಸುಧಾರಿಸುವ ಮರಿಗಳಿವೆ. ಥಯಾಮಿನ್ (ಬಿ1) ಕೊರತೆಯಲ್ಲಿ ಈ ನಕ್ಷತ್ರ ನೋಡುವ ಭಂಗಿ ಬರುತ್ತದೆ. ವಿಟಮಿನ್ ಇ ಕೊರತೆಯಲ್ಲೂ ತಲೆ ತಿರುಚುತ್ತದೆ, ಆದರೆ ಅದು ಎರಡನೇ ವಾರದ ನಂತರ ಹೆಚ್ಚು. ತಲೆಗೆ ಬಿದ್ದ ಏಟು ಮೂರನೇ ಕಾರಣ. ಬಿ-ಕಾಂಪ್ಲೆಕ್ಸ್ ಕೊಡಿ, ವಿಟಮಿನ್ ಇ ಮತ್ತು ಸೆಲೆನಿಯಂ ಕೂಡಿರುವ ಕೋಳಿಗಳ ದ್ರಾವಣವನ್ನು ಪಶುವೈದ್ಯರು ಹೇಳಿದಷ್ಟೇ ಕೊಡಿ. ಸೆಲೆನಿಯಂ ಸ್ವಲ್ಪ ಹೆಚ್ಚಾದರೂ ವಿಷ. ಒಂದೇ ದಿನಕ್ಕೆ ಫಲ ಕಾಣದು, ಕೆಲವಕ್ಕೆ ವಾರಗಳೇ ಬೇಕು. ಅಲ್ಲಿಯವರೆಗೆ ತಲೆಯನ್ನು ಕೈಯಲ್ಲಿ ಆನಿಸಿ, ಕೊಕ್ಕನ್ನು ನೀರಿಗೆ, ನೆನೆಸಿದ ಮೇವಿಗೆ ದಿನಕ್ಕೆ ಐದಾರು ಸಲ ತಾಗಿಸಬೇಕು. ಮರಿ ಬದುಕುವುದು ಈ ದುಡಿಮೆಯಿಂದ.

ಪ್ರಶ್ನೆ: ಮೂರನೇ ದಿನದ ಮರಿಯ ಹಿಕ್ಕೆಯಲ್ಲಿ ಕೆಂಪು ಕಂಡಿತು. ಕಾಕ್ಸಿಡಿಯೋಸಿಸ್ ಎಂದು ಆಂಪ್ರೋಲಿಯಂ ಶುರುಮಾಡಿದೆ. ಬಿ-ಕಾಂಪ್ಲೆಕ್ಸ್ ಕೂಡ ಜೊತೆಗೆ ಕೊಡುತ್ತಿದ್ದೇನೆ. ಸರಿಯೇ?

ಉತ್ತರ: ಎರಡು ಕಡೆ ತಪ್ಪಿದ್ದೀರಿ. ಕಾಕ್ಸಿಡಿಯ ಪರಾವಲಂಬಿ ಹೊಟ್ಟೆಗೆ ಹೋಗಿ ಕರುಳು ಕೆಡಿಸಲು ನಾಲ್ಕಾರು ದಿನ ಬೇಕು. ಮೂರನೇ ದಿನಕ್ಕೆ ಅದು ಆಗಲಾರದು, ಸಾಮಾನ್ಯವಾಗಿ ಮೂರನೇ ವಾರದ ಹೊತ್ತಿಗೆ ಬರುವ ಕಾಯಿಲೆ. ಮರಿಗಳ ಹಿಕ್ಕೆಯಲ್ಲಿ ಆಗಾಗ ಕರುಳಿನ ಒಳಪದರದ ಕಿತ್ತಳೆಗೆಂಪು ಚೂರು ಬರುವುದು ಸಹಜ. ಮರಿ ಚುರುಕಾಗಿ ತಿನ್ನುತ್ತಿದ್ದರೆ ಸುಮ್ಮನಿರಿ. ಇನ್ನು ಆಂಪ್ರೋಲಿಯಂ ಕೆಲಸ ಮಾಡುವುದೇ ಥಯಾಮಿನ್‌ನಂತೆ ನಟಿಸಿ. ಪರಾವಲಂಬಿ ಅದನ್ನು ಬಿ1 ಎಂದು ನುಂಗಿ ಸೊರಗುತ್ತದೆ. ಜೊತೆಗೇ ನಿಜವಾದ ಬಿ1 ಸುರಿದರೆ ಔಷಧಿ ವ್ಯರ್ಥ. ಮುಂದೆ ನಿಜಕ್ಕೂ ಬೇಕಾದಾಗ ನೀರಿನಲ್ಲಿ 0.024% ಪ್ರಮಾಣ 3ರಿಂದ 5 ದಿನ, ನಂತರ 0.012%ರಲ್ಲಿ ಒಂದೆರಡು ವಾರ. ವಿಟಮಿನ್ ಆಮೇಲೆ.

ಪ್ರಶ್ನೆ: ಕಾಯಿಲೆ ಬರದಿರಲೆಂದು ಮೊದಲ ದಿನದಿಂದಲೇ ನೀರಿಗೆ ಆಂಟಿಬಯಾಟಿಕ್ ಹಾಕಬಹುದೇ?

ಉತ್ತರ: ಹಾಕಬೇಡಿ. ಮರಿಯ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಯೂರುವ ಹೊತ್ತೇ ಅದು. ಅವನ್ನೂ ಕೊಂದು, ಉಳಿದ ಕೆಟ್ಟವನ್ನು ಔಷಧಿಗೆ ಬಗ್ಗದಂತೆ ಮಾಡುತ್ತೀರಿ. ದಿನಕ್ಕೆ ಎರಡು ಸಲ ನೀರಿನ ತಟ್ಟೆ ತೊಳೆಯಿರಿ.

ಪ್ರಶ್ನೆ: ಬೇರೆ ಇಟ್ಟ ಮರಿ ಒಂದೇ ಸಮನೆ ಕೂಗುತ್ತದೆ. ಮನೆಯ ಚಿಕ್ಕ ಮಗು ಎತ್ತಿಕೊಂಡರೆ ಸುಮ್ಮನಾಗುತ್ತದೆ. ವಾಪಸು ಗುಂಪಿಗೆ ಯಾವಾಗ ಬಿಡಲಿ?

ಉತ್ತರ: ಅಂಟುಜಾಡ್ಯವಲ್ಲದಿದ್ದರೆ ಪೂರ್ತಿ ಬೇರೆ ಮಾಡಲೇಬೇಡಿ. ಪೆಟ್ಟಿಗೆಯ ನಡುವೆ ತಂತಿ ಬಲೆ ನಿಲ್ಲಿಸಿ, ಒಡಹುಟ್ಟಿದವು ಕಾಣುವಂತೆ ಇಡಿ. ಕೂಗು ನಿಲ್ಲುತ್ತದೆ, ಬೇರೆ ಮರಿ ಕುಕ್ಕುವುದನ್ನು ನೋಡಿ ಇದೂ ತಿನ್ನಲು ಕಲಿಯುತ್ತದೆ. ಶಾಂತ ಸ್ವಭಾವದ ಒಂದು ಮರಿಯನ್ನು ಇದರ ಪಾಲಿಗೇ ಬಿಟ್ಟರೆ ಇನ್ನೂ ಒಳ್ಳೆಯದು. ವಾರಗಟ್ಟಲೆ ಒಂಟಿಯಾಗಿಟ್ಟು ಆಮೇಲೆ ಸೇರಿಸಿದರೆ ಪರಕೀಯವೆಂದು ಕುಕ್ಕುತ್ತವೆ.

ಸೇರಿಸುವ ಮುಂಚೆ ನೋಡಬೇಕಾದ್ದು: ತಾನಾಗಿ ನಿಲ್ಲುತ್ತದೆಯೇ, ತಳ್ಳಿದರೆ ಎದ್ದು ಸರಿಯುತ್ತದೆಯೇ, ರಾತ್ರಿ ಮುಟ್ಟಿದಾಗ ಕತ್ತಿನ ಬುಡದ ಮೇವುಚೀಲ ಮೆತ್ತಗೆ ತುಂಬಿದೆಯೇ. ಮೈಮೇಲೆ ರಕ್ತದ ಕಲೆ, ಬಣ್ಣದ ಬ್ಯಾಂಡೇಜು ಇರಬಾರದು, ಉಳಿದವು ಅದನ್ನೇ ಕುಕ್ಕುತ್ತವೆ. ಹಗಲು ಹೊತ್ತಿನಲ್ಲಿ, ನೀವು ಎದುರಿಗಿರುವಾಗ ಬಿಟ್ಟು ಒಂದು ಗಂಟೆ ನೋಡಿ.

ಮಗುವಿನ ವಿಷಯ. ನೋಡಲು ಆರೋಗ್ಯವಾಗಿರುವ ಮರಿಯಲ್ಲೂ ಮನುಷ್ಯರಿಗೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. 5 ವರ್ಷದೊಳಗಿನ ಮಕ್ಕಳು ಮರಿ ಮುಟ್ಟದಿರುವುದೇ ಲೇಸು. ದೊಡ್ಡವರು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ, ಮರಿಯ ತಟ್ಟೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಮರಿಯ ಕೂಗು ನಿಲ್ಲಿಸಲು ಮಗುವಿನ ತೋಳು ಬೇಕಿಲ್ಲ, ಬಲ್ಬಿನ ಹತ್ತಿರ ಒಂದು ಪುಟ್ಟ ಕನ್ನಡಿ ಒರಗಿಸಿಟ್ಟರೂ ಅದರ ಪಕ್ಕ ಹೋಗಿ ಮಲಗುತ್ತದೆ.